ನಿಸ್ತಂತು ಜಾಲ ಸಾಧನಗಳಲ್ಲಿ ಸೇವಾ ನಿರಾಕರಣೆಯ ದೌರ್ಬಲ್ಯಗಳು

ನಿಸ್ತಂತು ಜಾಲ ಸಾಧನಗಳಲ್ಲಿನ ಸೇವಾ ನಿರಾಕರಣೆಯ ದೌರ್ಬಲ್ಯಗಳು ಎಂದರೆ ವೈ-ಫೈ ರೂಟರ್, ಮೋಡೆಮ್, ಆಕ್ಸೆಸ್ ಪಾಯಿಂಟ್ ಮೊದಲಾದ ಉಪಕರಣಗಳಲ್ಲಿ ಉಳಿದುಕೊಂಡಿರುವ, ಹಕ್ಕುಳ್ಳ ಬಳಕೆದಾರನಿಗೆ ಸಂಪರ್ಕವೇ ದೊರೆಯದಂತೆ ಮಾಡಲು ಅನ್ಯರಿಗೆ ಅವಕಾಶ ನೀಡುವ ಲೋಪಗಳು. ಇಂತಹ ಲೋಪವು ಉಪಕರಣ ಪಾಲಿಸುವ ನಿಯಮಾವಳಿಯಲ್ಲಿರಬಹುದು, ಅದರ ತಂತ್ರಾಂಶದಲ್ಲಿರಬಹುದು, ಅಥವಾ ಅದನ್ನು ಸ್ಥಾಪಿಸಿದ ರೀತಿಯಲ್ಲಿಯೇ ಇರಬಹುದು. ಇವುಗಳನ್ನು ಬಳಸಿ ನಡೆಸುವ ದಾಳಿಯಲ್ಲಿ ಸಾಮಾನ್ಯವಾಗಿ ಮಾಹಿತಿಯ ಕಳವು ನಡೆಯುವುದಿಲ್ಲ, ಸೇವೆ ನಿಂತುಹೋಗುತ್ತದೆ. ಕರ್ನಾಟಕದಲ್ಲಿ 2017ರ ಜುಲೈ ತಿಂಗಳಲ್ಲಿ ಭಾರತ ಸಂಚಾರ ನಿಗಮದ (ಬಿಎಸ್ಎನ್ಎಲ್) ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ನಡೆದ ಕುತಂತ್ರಾಂಶ ದಾಳಿಯು ಈ ಬಗೆಯ ದೌರ್ಬಲ್ಯಕ್ಕೆ ರಾಜ್ಯದಲ್ಲಿ ದೊರೆಯುವ ಪ್ರಮುಖ ನಿದರ್ಶನವಾಗಿದೆ.

## ಪರಿಕಲ್ಪನೆ

ಮಾಹಿತಿ ಭದ್ರತೆಗೆ ಗೋಪ್ಯತೆ, ಸಮಗ್ರತೆ ಮತ್ತು ಲಭ್ಯತೆ ಎಂಬ ಮೂರು ಆಧಾರಗಳನ್ನು ಹೇಳುವುದು ವಾಡಿಕೆ. ಮಾಹಿತಿಯನ್ನು ಅನ್ಯರು ಓದದಿರುವುದು ಗೋಪ್ಯತೆ. ಅದನ್ನು ಅನ್ಯರು ತಿದ್ದದಿರುವುದು ಸಮಗ್ರತೆ. ಬೇಕಾದ ಹೊತ್ತಿಗೆ ಅದು ಸಂಬಂಧಪಟ್ಟವರ ಕೈಗೆ ಸಿಗುವುದು ಲಭ್ಯತೆ. ಸೇವಾ ನಿರಾಕರಣೆಯ ದಾಳಿ ಇವುಗಳಲ್ಲಿ ಮೂರನೆಯದಕ್ಕೆ ಪೆಟ್ಟು ಕೊಡುತ್ತದೆ. ಮನೆಯ ಬೀಗದ ರಂಧ್ರಕ್ಕೆ ಯಾರೋ ಅರಗು ತುಂಬಿದರೆ ಒಳಗಿನ ಒಂದು ಪಾತ್ರೆಯೂ ಕಳುವಾಗುವುದಿಲ್ಲ, ಆದರೆ ಕೀಲಿಕೈ ಹಿಡಿದ ಮನೆಯೊಡೆಯನೇ ಹೊರಗೆ ನಿಲ್ಲಬೇಕಾಗುತ್ತದೆ. ಈ ದಾಳಿಯ ಸ್ವರೂಪವೂ ಅಂಥದೇ.

ತಂತಿಯ ಜಾಲದಲ್ಲಿ ದಾಳಿ ಮಾಡುವವನು ತಂತಿಯನ್ನು ತಲುಪಬೇಕಾಗುತ್ತದೆ. ನಿಸ್ತಂತು ಜಾಲದ ಮಾಧ್ಯಮವಾದರೋ ಎಲ್ಲರಿಗೂ ಸೇರಿದ ಗಾಳಿ. ರೇಡಿಯೊ ಅಲೆಗಳು ಗೋಡೆಯನ್ನು ದಾಟಿ ಬೀದಿಗೂ ಬರುತ್ತವೆ, ಬೀದಿಯಿಂದ ಮನೆಯೊಳಕ್ಕೂ ಹೋಗುತ್ತವೆ. ಈ ಕಾರಣದಿಂದ ಗುಪ್ತಪದ ತಿಳಿಯದವನೂ ಜಾಲದ ಕೆಲಸಕ್ಕೆ ಅಡ್ಡಿಪಡಿಸಬಲ್ಲ ಸ್ಥಿತಿಯಲ್ಲಿರುತ್ತಾನೆ.

ದಾಳಿಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಮೊದಲನೆಯದು ಸಮೀಪದ ದಾಳಿ. ಇದಕ್ಕೆ ದಾಳಿಕಾರನು ರೇಡಿಯೊ ಅಲೆಗಳ ವ್ಯಾಪ್ತಿಯೊಳಗೆ ಇರಬೇಕು. ಎರಡನೆಯದು ದೂರದ ದಾಳಿ. ಅಂತರಜಾಲದ ಮೂಲಕ ಸಾಧನದ ನಿರ್ವಹಣಾ ದ್ವಾರವನ್ನು ತಲುಪಿ ಅದನ್ನು ಕೆಡಿಸುವುದು. ಮೊದಲನೆಯದರ ಹಾನಿ ಒಂದು ಕಟ್ಟಡಕ್ಕೋ ಬೀದಿಗೋ ಸೀಮಿತವಾಗಿರುತ್ತದೆ. ಎರಡನೆಯದು ಒಂದೇ ದಿನದಲ್ಲಿ ಸಾವಿರಾರು ಮನೆಗಳನ್ನು ಮುಟ್ಟಬಲ್ಲದು.

## ಹಿನ್ನೆಲೆ

ವೈ-ಫೈ ಎಂದು ಪ್ರಸಿದ್ಧವಾಗಿರುವ ತಂತ್ರಜ್ಞಾನಕ್ಕೆ ಆಧಾರವಾದ ಐಇಇಇ 802.11 ಮಾನಕವು 1997ರಲ್ಲಿ ಪ್ರಕಟವಾಯಿತು. ಆರಂಭದ ವರ್ಷಗಳಲ್ಲಿ ಚರ್ಚೆಯೆಲ್ಲವೂ ಗೋಪ್ಯತೆಯ ಸುತ್ತಲೇ ನಡೆಯಿತು. ಮೊದಲ ಗೂಢಲಿಪಿ ವಿಧಾನವಾದ ಡಬ್ಲ್ಯುಇಪಿಯ ಗಂಭೀರ ದೋಷಗಳು 2001ರಲ್ಲಿ ಬಯಲಾದ ಮೇಲೆ ಡಬ್ಲ್ಯುಪಿಎ ಮತ್ತು ಡಬ್ಲ್ಯುಪಿಎ2 ಎಂಬ ವಿಧಾನಗಳು ಬಂದವು. ಸಂದೇಶದ ಒಳಗನ್ನು ಮುಚ್ಚಿಡುವ ಕೆಲಸ ಹೀಗೆ ಮುಂದುವರಿದರೂ, ಸಂಪರ್ಕವನ್ನು ಕಟ್ಟುವ ಮತ್ತು ಬಿಡಿಸುವ ಸಂದೇಶಗಳು ಮಾತ್ರ ಬಹುಕಾಲ ತೆರೆದೇ ಉಳಿದವು.

2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಜಾನ್ ಬೆಲ್ಲಾರ್ಡೊ ಮತ್ತು ಸ್ಟೀಫನ್ ಸ್ಯಾವೇಜ್ ಅವರು ಈ ತೆರೆದ ಸಂದೇಶಗಳ ಮೂಲಕ ಸೇವೆಯನ್ನು ನಿಲ್ಲಿಸಬಹುದೆಂಬುದನ್ನು ಪ್ರಯೋಗಗಳ ಮೂಲಕ ತೋರಿಸಿದರು. ಮರುವರ್ಷ, 2004ರ ಮೇ ತಿಂಗಳಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಹಿಡಿದ ಮತ್ತೊಂದು ದೌರ್ಬಲ್ಯವನ್ನು ಆ ದೇಶದ ತುರ್ತು ಸ್ಪಂದನಾ ಸಂಸ್ಥೆಯಾದ ಆಸ್‌ಸರ್ಟ್ ಪ್ರಕಟಿಸಿತು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು 2005ರ ಜನವರಿಯಲ್ಲಿ ಅನುಮತಿ ದೊರೆಯಿತು. 5 ಗಿಗಾಹರ್ಟ್ಸ್ ಪಟ್ಟಿಯ ಬಹುಭಾಗ 2018ರ ಅಕ್ಟೋಬರ್‌ನಲ್ಲಿ ಮುಕ್ತವಾಯಿತು. ಬ್ರಾಡ್‌ಬ್ಯಾಂಡ್ ಹರಡಿದಂತೆ ವೈ-ಫೈ ಅಡಕವಾಗಿದ್ದ ಮೋಡೆಮ್‌ಗಳು ತಾಲ್ಲೂಕು ಕೇಂದ್ರಗಳ ಕಚೇರಿ, ಶಾಲೆ, ಅಂಗಡಿಗಳಿಗೂ, ಬಳಿಕ ಹಳ್ಳಿಗಳಿಗೂ ತಲುಪಿದವು.

## ದೌರ್ಬಲ್ಯದ ವಿಧಗಳು

### ಸಂಪರ್ಕ ಕಡಿಯುವ ನಕಲಿ ಸಂದೇಶ

ಮೊಬೈಲ್ ಅಥವಾ ಗಣಕಯಂತ್ರವು ಆಕ್ಸೆಸ್ ಪಾಯಿಂಟ್‌ನೊಂದಿಗೆ ಸಂಪರ್ಕ ಬೆಳೆಸುವಾಗ ಮತ್ತು ಮುಗಿಸುವಾಗ ‘ನಿರ್ವಹಣಾ ಫ್ರೇಮ್’ ಎಂಬ ಕಿರುಸಂದೇಶಗಳು ವಿನಿಮಯವಾಗುತ್ತವೆ. ‘ನಿನ್ನ ಸಂಪರ್ಕ ಮುಗಿಯಿತು’ ಎಂದು ಸಾರುವ ಡಿ-ಆಥೆಂಟಿಕೇಷನ್ ಫ್ರೇಮ್ ಇವುಗಳಲ್ಲೊಂದು. ಹಳೆಯ ಮಾನಕದಲ್ಲಿ ಈ ಸಂದೇಶ ನಿಜವಾಗಿ ಯಾರಿಂದ ಬಂತು ಎಂಬುದನ್ನು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಅಂಚೆ ಕಾರ್ಡಿನ ಮೇಲೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದು ಡಬ್ಬಿಗೆ ಹಾಕಬಹುದಾದಂತೆ, ಆಕ್ಸೆಸ್ ಪಾಯಿಂಟ್‌ನ ಮ್ಯಾಕ್ ವಿಳಾಸವನ್ನು ನಮೂದಿಸಿ ಅನ್ಯನೊಬ್ಬನು ಈ ಸಂದೇಶವನ್ನು ಪ್ರಸಾರ ಮಾಡಬಹುದಾಗಿತ್ತು. ಅದನ್ನು ನಂಬಿದ ಮೊಬೈಲ್ ಸಂಪರ್ಕವನ್ನು ಕಡಿದುಕೊಳ್ಳುತ್ತದೆ. ಮತ್ತೆ ಸೇರಲು ಯತ್ನಿಸಿದಾಗ ಮತ್ತೆ ಅದೇ ಸಂದೇಶ ಬರುತ್ತದೆ. ಡಬ್ಲ್ಯುಪಿಎ2 ಗುಪ್ತಪದ ಎಷ್ಟೇ ಕಠಿಣವಾಗಿದ್ದರೂ ಈ ದಾಳಿಗೆ ಅದು ತಡೆಯಾಗುವುದಿಲ್ಲ, ಏಕೆಂದರೆ ಗುಪ್ತಪದವು ಕಾಯುವುದು ದತ್ತಾಂಶವನ್ನು, ನಿರ್ವಹಣಾ ಫ್ರೇಮ್‌ಗಳನ್ನಲ್ಲ.

### ಸರದಿ ನಿಯಮದ ದುರುಪಯೋಗ

ಒಂದೇ ವಾಹಿನಿಯಲ್ಲಿರುವ ವೈ-ಫೈ ಸಾಧನಗಳು ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕೆಂಬ ಸಭಾಮರ್ಯಾದೆಯನ್ನು ಪಾಲಿಸುತ್ತವೆ. ಪ್ರತಿ ಫ್ರೇಮ್‌ನಲ್ಲಿ ತಾನು ಇನ್ನೆಷ್ಟು ಹೊತ್ತು ವಾಹಿನಿಯನ್ನು ಬಳಸುವೆನೆಂಬ ಅವಧಿ ನಮೂದಾಗಿರುತ್ತದೆ. ಇದರ ಗರಿಷ್ಠ ಮಿತಿ 32,767 ಮೈಕ್ರೋಸೆಕೆಂಡು. ಯಾವುದೇ ಸಾಧನ ಈ ಗರಿಷ್ಠ ಅವಧಿಯನ್ನು ಸುಳ್ಳಾಗಿ ನಮೂದಿಸಿ ಸೆಕೆಂಡಿಗೆ ಸುಮಾರು 30 ಬಾರಿ ಕಳುಹಿಸಿದರೆ, ನಿಯಮಪಾಲಕ ಸಾಧನಗಳೆಲ್ಲ ಸರದಿಗಾಗಿ ಕಾಯುತ್ತಲೇ ಉಳಿಯಬೇಕಾಗುತ್ತದೆ. ಬೆಲ್ಲಾರ್ಡೊ ಮತ್ತು ಸ್ಯಾವೇಜ್ ಅವರ ಪ್ರಯೋಗದಲ್ಲಿ ಅಂದಿನ ಅನೇಕ ಸಾಧನಗಳು ಈ ನಿಯಮವನ್ನು ಸರಿಯಾಗಿ ಪಾಲಿಸದೇ ಇದ್ದುದರಿಂದಲೇ ದಾಳಿಯಿಂದ ಪಾರಾದವೆಂಬುದು ಗಮನಾರ್ಹ.

2004ರಲ್ಲಿ ಆಸ್‌ಸರ್ಟ್ ಪ್ರಕಟಿಸಿದ ದೌರ್ಬಲ್ಯವೂ ಇದೇ ಜಾತಿಯದು. ಫ್ರೇಮ್ ಕಳುಹಿಸುವ ಮುನ್ನ ವಾಹಿನಿ ಖಾಲಿಯಿದೆಯೇ ಎಂದು ಪರೀಕ್ಷಿಸುವ ಭೌತಿಕ ಸ್ತರದ ಕ್ರಮವನ್ನು ವಂಚಿಸಿ, ವ್ಯಾಪ್ತಿಯೊಳಗಿನ ಎಲ್ಲ ಸಾಧನಗಳಿಗೂ ‘ವಾಹಿನಿ ಖಾಲಿಯಿಲ್ಲ’ ಎಂಬ ಭ್ರಮೆ ಹುಟ್ಟಿಸಬಹುದಾಗಿತ್ತು. 802.11ಬಿ ಸಾಧನಗಳು ಮತ್ತು ಕಡಿಮೆ ವೇಗದಲ್ಲಿ ಕೆಲಸ ಮಾಡುವ 802.11ಜಿ ಸಾಧನಗಳು ಇದಕ್ಕೆ ಒಳಗಾಗಿದ್ದವು, 802.11ಎ ಸಾಧನಗಳು ಒಳಗಾಗಿರಲಿಲ್ಲ. ದೋಷವು ಒಬ್ಬ ತಯಾರಕನ ತಂತ್ರಾಂಶದಲ್ಲಿರದೆ ಮಾನಕದಲ್ಲಿಯೇ ಇದ್ದುದರಿಂದ ತೇಪೆ ಹಾಕಿ ಸರಿಪಡಿಸುವ ಮಾರ್ಗವಿರಲಿಲ್ಲ.

### ರಕ್ಷಣೆಯೇ ತೊಡಕಾಗುವ ಸಂದರ್ಭ

ಕೆಲವೊಮ್ಮೆ ಭದ್ರತೆಗೆಂದು ಸೇರಿಸಿದ ಕ್ರಮವೇ ಸೇವೆ ನಿಲ್ಲಲು ಕಾರಣವಾಗುತ್ತದೆ.

* ಡಬ್ಲ್ಯುಪಿಎಯ ಟಿಕೆಐಪಿ ವಿಧಾನದಲ್ಲಿ 60 ಸೆಕೆಂಡುಗಳೊಳಗೆ ಎರಡು ಸಂದೇಶಗಳು ಸಮಗ್ರತೆಯ ಪರೀಕ್ಷೆಯಲ್ಲಿ ವಿಫಲವಾದರೆ, ದಾಳಿ ನಡೆಯುತ್ತಿದೆಯೆಂದು ಬಗೆದು ಆಕ್ಸೆಸ್ ಪಾಯಿಂಟ್ 60 ಸೆಕೆಂಡು ಸಂಪರ್ಕವನ್ನು ಸ್ಥಗಿತಗೊಳಿಸುತ್ತದೆ. ದಾಳಿಕಾರನಿಗೆ ಬೇಕಾದುದೂ ಈ ಸ್ಥಗಿತವೇ ಆಗಿರಬಹುದು.
* ಡಬ್ಲ್ಯುಪಿಎ3ರಲ್ಲಿ ಸಂಪರ್ಕ ಬೆಳೆಸುವ ಮುನ್ನ ಹೆಚ್ಚು ಗಣಿತದ ಲೆಕ್ಕ ನಡೆಯಬೇಕು. ನಕಲಿ ವಿಳಾಸಗಳಿಂದ ಕೋರಿಕೆಗಳ ಮಳೆಗರೆದು ಆಕ್ಸೆಸ್ ಪಾಯಿಂಟ್‌ನ ಸಂಸ್ಕಾರಕವನ್ನು ಬಳಲಿಸಬಹುದೆಂದು 2019ರಲ್ಲಿ ಮ್ಯಾಥಿ ವ್ಯಾನ್‌ಹೂಫ್ ಮತ್ತು ಎಯಾಲ್ ರೋನೆನ್ ಅವರು ‘ಡ್ರ್ಯಾಗನ್‌ಬ್ಲಡ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು.
* 5 ಗಿಗಾಹರ್ಟ್ಸ್ ಪಟ್ಟಿಯ ಕೆಲವು ವಾಹಿನಿಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರ್ ಸಂಕೇತ ಕಂಡೊಡನೆ ಆಕ್ಸೆಸ್ ಪಾಯಿಂಟ್ ಆ ವಾಹಿನಿಯನ್ನು ತೆರವು ಮಾಡಿ 30 ನಿಮಿಷ ಅದರತ್ತ ಸುಳಿಯಬಾರದೆಂಬ ನಿಯಮವಿದೆ. ರೇಡಾರನ್ನು ಹೋಲುವ ಸಂಕೇತವೂ ಇದೇ ಪರಿಣಾಮವನ್ನು ಉಂಟುಮಾಡಬಲ್ಲದು.

### ತಂತ್ರಾಂಶದ ದೋಷ

ಸ್ವೀಕರಿಸಿದ ಫ್ರೇಮನ್ನು ಎಚ್ಚರದಿಂದ ಓದದ ತಂತ್ರಾಂಶವು ವಿಕೃತ ಫ್ರೇಮ್ ಬಂದಾಗ ಕುಸಿಯುತ್ತದೆ. 2012ರಲ್ಲಿ ಬ್ರಾಡ್‌ಕಾಮ್ ಸಂಸ್ಥೆಯ ಬಿಸಿಎಂ4325 ಮತ್ತು ಬಿಸಿಎಂ4329 ಚಿಪ್‌ಗಳಲ್ಲಿ ಇಂತಹ ದೋಷ ಪತ್ತೆಯಾಯಿತು. ಅಂದಿನ ಹಲವು ಪ್ರಸಿದ್ಧ ಮೊಬೈಲ್‌ಗಳಲ್ಲಿ ಈ ಚಿಪ್‌ಗಳಿದ್ದವು. 2021ರಲ್ಲಿ ಶೇಕಡಾ ಚಿಹ್ನೆಗಳುಳ್ಳ ಒಂದು ವಿಚಿತ್ರ ಹೆಸರಿನ ವೈ-ಫೈ ಜಾಲಕ್ಕೆ ಸೇರಿದ ಐಫೋನ್‌ಗಳಲ್ಲಿ ವೈ-ಫೈ ಸೌಲಭ್ಯವೇ ಕೆಲಸ ನಿಲ್ಲಿಸುತ್ತಿತ್ತು. ಜಾಲದ ಹೆಸರನ್ನು ತಂತ್ರಾಂಶವು ಬರಿಯ ಹೆಸರೆಂದು ಓದದೆ ಆಜ್ಞೆಯೆಂಬಂತೆ ಓದಿದ್ದೇ ಇದಕ್ಕೆ ಕಾರಣ. ಇಂತಹ ದೋಷಗಳು ತಂತ್ರಾಂಶದ ಪರಿಷ್ಕರಣೆಯಿಂದ ನಿವಾರಣೆಯಾಗುತ್ತವೆ. ಪರಿಷ್ಕರಣೆ ಬರುವುದು ನಿಂತುಹೋದ ಹಳೆಯ ಸಾಧನಗಳಲ್ಲಿ ಅವು ಕಡೆಯವರೆಗೂ ಉಳಿಯುತ್ತವೆ.

### ಪೂರ್ವನಿಗದಿತ ಗುಪ್ತಪದ

ಕಾರ್ಖಾನೆಯಿಂದ ಬರುವಾಗಲೇ ರೂಟರ್‌ನ ನಿರ್ವಹಣಾ ಪುಟಕ್ಕೆ ‘ಅಡ್ಮಿನ್’ ಎಂಬಂತಹ ಗುಪ್ತಪದವನ್ನು ಇರಿಸಿರುವುದು ಬಹುಕಾಲದ ರೂಢಿ. ವೈ-ಫೈಗೆ ಸೇರಲು ಕೊಡುವ ಗುಪ್ತಪದ ಬೇರೆ, ರೂಟರ್‌ನ ಒಳ ಏರ್ಪಾಡನ್ನು ಬದಲಿಸಲು ಕೊಡುವ ಗುಪ್ತಪದ ಬೇರೆ. ಬಳಕೆದಾರರು ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಹಾಗೆಯೇ ಬಿಡುವುದುಂಟು. ಅದರ ಜೊತೆಗೆ ನಿರ್ವಹಣಾ ದ್ವಾರವು ಅಂತರಜಾಲದ ಕಡೆಗೂ ತೆರೆದಿದ್ದರೆ, ಸಾವಿರಾರು ಮೈಲಿ ದೂರದಲ್ಲಿರುವವನೂ ಒಳಬರಬಲ್ಲ. ಇದರಲ್ಲಿ ದಾಳಿಕಾರನ ಜಾಣ್ಮೆಗಿಂತ ವ್ಯವಸ್ಥೆಯ ಅಲಕ್ಷ್ಯದ ಪಾಲೇ ಹೆಚ್ಚು.

### ರೇಡಿಯೊ ಅಡಚಣೆ

ಅದೇ ತರಂಗಾಂತರದಲ್ಲಿ ಬಲವಾದ ಗದ್ದಲವನ್ನು ಹೊಮ್ಮಿಸಿದರೆ ಯಾವ ನಿಸ್ತಂತು ಜಾಲವೂ ಕೆಲಸ ಮಾಡಲಾರದು. ಇದು ಮಾಧ್ಯಮದ ಸಹಜ ಮಿತಿಯಾದುದರಿಂದ ಇದನ್ನು ಸಾಧನದ ದೌರ್ಬಲ್ಯವೆಂದು ಪರಿಗಣಿಸುವುದಿಲ್ಲ.

## ಕರ್ನಾಟಕದಲ್ಲಿ 2017ರ ಘಟನೆ

2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್ಎನ್ಎಲ್‌ನ ಕರ್ನಾಟಕ ದೂರಸಂಪರ್ಕ ವೃತ್ತದ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಕುತಂತ್ರಾಂಶದ ದಾಳಿಗೆ ತುತ್ತಾದವು. ಪೂರ್ವನಿಗದಿತ ‘ಅಡ್ಮಿನ್’ ಗುಪ್ತಪದವನ್ನು ಬದಲಿಸದೇ ಇದ್ದ ಸುಮಾರು 2,000 ಮೋಡೆಮ್‌ಗಳು ಬಾಧಿತವಾಗಿವೆಯೆಂದೂ, ಸಂಸ್ಥೆಯ ಮೂಲ ಜಾಲಕ್ಕೆ ಮತ್ತು ಬಿಲ್ಲಿಂಗ್ ವ್ಯವಸ್ಥೆಗೆ ಧಕ್ಕೆಯಾಗಿಲ್ಲವೆಂದೂ ಸಂಸ್ಥೆಯ ಅಂದಿನ ಅಧ್ಯಕ್ಷ ಅನುಪಮ್ ಶ್ರೀವಾಸ್ತವ ತಿಳಿಸಿದರು. ಗುಪ್ತಪದವನ್ನು ಕೂಡಲೇ ಬದಲಿಸಿಕೊಳ್ಳುವಂತೆ ಗ್ರಾಹಕರಿಗೆ ಸಲಹೆ ನೀಡಲಾಯಿತು. ಬಿಎಸ್ಎನ್ಎಲ್ ಮತ್ತು ಎಂಟಿಎನ್ಎಲ್ ಎರಡೂ ಸಂಸ್ಥೆಗಳ ಗ್ರಾಹಕರನ್ನು ಕೂಡಿಸಿ ಬಾಧಿತ ಸಾಧನಗಳ ಸಂಖ್ಯೆ 60,000ದಷ್ಟಿತ್ತೆಂದು ತಂತ್ರಜ್ಞಾನ ಕ್ಷೇತ್ರದ ವರದಿಗಳು ಹೇಳಿದವು.

‘ಬ್ರಿಕರ್‌ಬಾಟ್’ ಎಂಬ ಕುತಂತ್ರಾಂಶದ ಕರ್ತೃವೆಂದು ಹೇಳಿಕೊಂಡ, ‘ಜಾನಿಟರ್’ ಎಂಬ ಗುಪ್ತನಾಮದ ವ್ಯಕ್ತಿ ಈ ದಾಳಿ ತನ್ನದೆಂದು ಹೇಳಿಕೊಂಡನು. ರ್‍ಯಾಡ್‌ವೇರ್ ಸಂಸ್ಥೆಯು ಅದೇ ವರ್ಷದ ಏಪ್ರಿಲ್‌ನಲ್ಲಿ ಬ್ರಿಕರ್‌ಬಾಟನ್ನು ಮೊದಲಿಗೆ ವಿವರಿಸಿತ್ತು. ಪೂರ್ವನಿಗದಿತ ಗುಪ್ತಪದಗಳಿಂದ ಸಾಧನದೊಳಕ್ಕೆ ಹೋಗುವ ಇದು ಅಲ್ಲಿನ ಸಂಗ್ರಹಭಾಗವನ್ನು ಕೆಡಿಸಿ, ಜಾಲದ ಏರ್ಪಾಡುಗಳನ್ನು ಅಳಿಸಿ, ಸಾಧನವನ್ನು ಇಟ್ಟಿಗೆಯಂತೆ ನಿರುಪಯುಕ್ತಗೊಳಿಸುತ್ತದೆ. ಹೆಸರು ಬಂದದ್ದೂ ಇದರಿಂದಲೇ. ಸಾಮಾನ್ಯ ಸೇವಾ ನಿರಾಕರಣೆಯು ದಾಳಿ ನಿಂತೊಡನೆ ತೊಲಗುತ್ತದೆ. ಇಲ್ಲಿ ದಾಳಿ ಮುಗಿದ ಮೇಲೆಯೂ ಸಾಧನ ತಾನಾಗಿ ಸರಿಹೋಗುವುದಿಲ್ಲ. ಆದ್ದರಿಂದ ಇದನ್ನು ‘ಶಾಶ್ವತ ಸೇವಾ ನಿರಾಕರಣೆ’ ಎಂದು ಕರೆಯುತ್ತಾರೆ.

ಅಸುರಕ್ಷಿತ ಸಾಧನಗಳು ಇತರ ದಾಳಿಕಾರರ ಕೈಗೆ ಸಿಕ್ಕಿ ದೊಡ್ಡ ದಾಳಿಗಳಿಗೆ ಬಳಕೆಯಾಗುವುದನ್ನು ತಪ್ಪಿಸಲೆಂದೇ ಅವುಗಳನ್ನು ಕೆಡಿಸುತ್ತಿರುವುದಾಗಿ ಆ ವ್ಯಕ್ತಿಯ ಸಮರ್ಥನೆಯಿತ್ತು. ಆದರೆ ಸಂಪರ್ಕ ಕಳೆದುಕೊಂಡವರು ಮೋಡೆಮ್ ತಯಾರಿಸಿದವರೂ ಅಲ್ಲ, ಜಾಲವನ್ನು ಕಟ್ಟಿದವರೂ ಅಲ್ಲ. ತಮ್ಮ ಸಾಧನಕ್ಕೆ ಎರಡನೆಯ ಗುಪ್ತಪದವೊಂದಿದೆ ಎಂಬುದನ್ನೇ ಅರಿಯದ ಸಾಮಾನ್ಯ ಗ್ರಾಹಕರು. ಬಳಕೆದಾರನಿಗೆ ಸಲಹೆ ಕೊಡುವುದರ ಜೊತೆಗೆ, ಸಾಧನವನ್ನು ಸುರಕ್ಷಿತ ಸ್ಥಿತಿಯಲ್ಲಿಯೇ ಒದಗಿಸುವ ಹೊಣೆ ತಯಾರಕರದೂ ಸೇವಾದಾರರದೂ ಆಗಿದೆ ಎಂಬ ಅಭಿಪ್ರಾಯಕ್ಕೆ ಇಂತಹ ಘಟನೆಗಳು ಬಲ ನೀಡಿದವು.

## ಇತರ ದೇಶಗಳ ಘಟನೆಗಳು

* 2014: ಅಮೆರಿಕದ ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಅತಿಥಿಗಳ ಸ್ವಂತ ವೈ-ಫೈ ಹಾಟ್‌ಸ್ಪಾಟ್‌ಗಳನ್ನು ಸಂಪರ್ಕ ಕಡಿಯುವ ಸಂದೇಶಗಳಿಂದ ತಡೆದ ಪ್ರಕರಣದಲ್ಲಿ ಮ್ಯಾರಿಯಟ್ ಸಂಸ್ಥೆಯು 6 ಲಕ್ಷ ಡಾಲರ್ ದಂಡ ತೆರಲು ಒಪ್ಪಿತು.
* 2016: ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಸ್ಥಗಿತಗೊಂಡವು. ‘ಮಿರಾಯ್’ ಎಂಬ ಕುತಂತ್ರಾಂಶದ ಹೊಸ ರೂಪವು ದೂರ ನಿರ್ವಹಣೆಗೆ ಬಳಸುವ 7547ನೆಯ ದ್ವಾರದ ಮೂಲಕ ರೂಟರ್‌ಗಳನ್ನು ವಶಪಡಿಸಿಕೊಳ್ಳಲು ಯತ್ನಿಸಿದ್ದು ಇದಕ್ಕೆ ಕಾರಣ.
* 2023: ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಂದೇ ಸೇವಾದಾರ ಸಂಸ್ಥೆಯ 6 ಲಕ್ಷಕ್ಕೂ ಹೆಚ್ಚು ರೂಟರ್‌ಗಳು 72 ಗಂಟೆಗಳ ಅವಧಿಯಲ್ಲಿ ಶಾಶ್ವತವಾಗಿ ಕೆಟ್ಟವು. ಹಳ್ಳಿಗಾಡಿನ ಗ್ರಾಹಕರೂ ಇವರಲ್ಲಿ ಗಣನೀಯವಾಗಿದ್ದರು. ಬಹುಪಾಲು ಸಾಧನಗಳನ್ನು ಬದಲಿಸಬೇಕಾಯಿತು.

## ಗ್ರಾಮೀಣ ಪ್ರದೇಶಗಳ ಮೇಲೆ ಪರಿಣಾಮ

ನಗರದಲ್ಲಿ ಒಂದು ಸಂಪರ್ಕ ಕೆಟ್ಟರೆ ಮತ್ತೊಂದು ಕೈಗೆಟಕುತ್ತದೆ. ಹಳ್ಳಿಗಾಡಿನಲ್ಲಿ ಅಂತಹ ಪರ್ಯಾಯ ವಿರಳ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 2017ರಲ್ಲಿ ದಾಳಿಗೊಳಗಾದ ಕರ್ನಾಟಕ ದೂರಸಂಪರ್ಕ ವೃತ್ತದ ವ್ಯಾಪ್ತಿಗೇ ಇವೂ ಸೇರುತ್ತವೆ. ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಗಡಿಯಲ್ಲಿ ನಾಗರಹೊಳೆಯ ಕಾಡು ಹಬ್ಬಿದೆ. ಕಾಡಂಚಿನ ಊರು ಮತ್ತು ಹಾಡಿಗಳಲ್ಲಿ ಮೊಬೈಲ್ ಸಂಕೇತ ಎಲ್ಲೆಡೆ ಸಮನಾಗಿ ದೊರೆಯುವುದಿಲ್ಲ. ಅಲ್ಲಿ ಪಂಚಾಯಿತಿ ಕಚೇರಿಯ ಅಥವಾ ಶಾಲೆಯ ಒಂದು ರೂಟರ್ ಅನೇಕರಿಗೆ ಆಧಾರವಾಗಿರಬಹುದು.

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ, ಪಡಿತರದ ಬೆರಳಚ್ಚು ಪರಿಶೀಲನೆ, ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲ ಇಂದು ಜಾಲದ ಮೂಲಕವೇ ನಡೆಯುತ್ತವೆ. ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ಸೀಮೆಗಳು ವರ್ಜೀನಿಯಾ ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾದವು. ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳಲ್ಲಿ ಬೇಲುಗಳ ಮಾರಾಟ ವಿದ್ಯುನ್ಮಾನ ಪದ್ಧತಿಗೆ ಬದಲಾಗಿದೆ. ಇಂತಹ ಕಡೆ ಸಂಪರ್ಕ ಕಡಿದರೆ ಕೆಲಸವೂ ನಿಲ್ಲುತ್ತದೆ. ಬಸ್ಸು ಹಿಡಿದು ನಾಡಕಚೇರಿಗೆ ಬಂದವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಕೇಳಿ ಹಿಂದಿರುಗಿದಾಗ ಬಸ್ ಚಾರ್ಜಿನ ಜೊತೆಗೆ ಒಂದು ದಿನದ ಕೂಲಿಯೂ ಹೋಗುತ್ತದೆ. ಮಾಹಿತಿಯ ಕಳವಿನ ಹಾನಿ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಲಭ್ಯತೆಯ ಹಾನಿ ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಹಂಚಿಹೋಗುವುದರಿಂದ ಲೆಕ್ಕಕ್ಕೆ ಸಿಗುವುದು ಕಡಿಮೆ.

## ಗುರುತಿಸುವಿಕೆ

ಸಂಪರ್ಕ ತಪ್ಪಿದಾಗಲೆಲ್ಲ ಅದನ್ನು ದಾಳಿಯೆಂದು ತಿಳಿಯಲಾಗದು. ವಿದ್ಯುತ್ ನಿಲುಗಡೆ, ರಸ್ತೆ ಕಾಮಗಾರಿಯಲ್ಲಿ ಕಡಿದ ಆಪ್ಟಿಕಲ್ ಫೈಬರ್ ತಂತಿ, ಸಿಡಿಲಿಗೆ ಸುಟ್ಟ ಅಡಾಪ್ಟರ್, ಬೇಸಿಗೆಯಲ್ಲಿ ಕಾದುಹೋದ ರೂಟರ್ ಮೊದಲಾದ ಕಾರಣಗಳೇ ಹೆಚ್ಚು ಸಾಮಾನ್ಯ. ನೆರೆಹೊರೆಯ ಜಾಲಗಳೆಲ್ಲ ಒಂದೇ ವಾಹಿನಿಯಲ್ಲಿದ್ದಾಗ ಉಂಟಾಗುವ ಸಂದಣಿಯೂ, 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಮೈಕ್ರೋವೇವ್ ಒಲೆಯಿಂದಾಗುವ ಅಡಚಣೆಯೂ ದಾಳಿಯನ್ನು ಹೋಲುತ್ತವೆ.

ವ್ಯತ್ಯಾಸವನ್ನು ತಿಳಿಯಲು ಕೆಲವು ಲಕ್ಷಣಗಳು ನೆರವಾಗುತ್ತವೆ. ತಂತಿಯ ಮೂಲಕ ಜೋಡಿಸಿದ ಗಣಕಯಂತ್ರಕ್ಕೆ ಸಂಪರ್ಕವಿದ್ದು ವೈ-ಫೈ ಸಾಧನಗಳಿಗೆ ಮಾತ್ರ ಇಲ್ಲದಿದ್ದರೆ ತೊಂದರೆ ನಿಸ್ತಂತು ಭಾಗದಲ್ಲಿದೆ. ವೈ-ಫೈ ಸಂಕೇತ ಪೂರ್ಣವಾಗಿದ್ದೂ ಎಲ್ಲ ಸಾಧನಗಳು ಒಂದೇ ಗಳಿಗೆಯಲ್ಲಿ ಪದೇಪದೇ ಕಡಿದು ಸೇರುತ್ತಿದ್ದರೆ ನಕಲಿ ನಿರ್ವಹಣಾ ಫ್ರೇಮ್‌ಗಳ ಸಂಶಯಕ್ಕೆ ಎಡೆಯುಂಟು. ಒಂದೇ ಮಾದರಿಯ ಮೋಡೆಮ್‌ಗಳು ಊರಿನ ಹಲವು ಮನೆಗಳಲ್ಲಿ ಒಂದೇ ದಿನ ಕೆಟ್ಟರೆ ದೂರದ ದಾಳಿಯ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ. ಖಚಿತ ನಿರ್ಣಯಕ್ಕೆ ರೂಟರ್‌ನ ದಾಖಲೆಪುಟ ಮತ್ತು ಗಾಳಿಯಲ್ಲಿನ ಫ್ರೇಮ್‌ಗಳ ವಿಶ್ಲೇಷಣೆ ಅಗತ್ಯ.

## ರಕ್ಷಣಾ ಕ್ರಮಗಳು

### ಮಾನಕದ ಸುಧಾರಣೆ

2009ರಲ್ಲಿ ಅಂಗೀಕಾರಗೊಂಡ ಐಇಇಇ 802.11ಡಬ್ಲ್ಯು ತಿದ್ದುಪಡಿಯು ನಿರ್ವಹಣಾ ಫ್ರೇಮ್‌ಗಳಿಗೆ ಗೂಢಲಿಪಿಯ ಮುದ್ರೆಯೊತ್ತುವ ಕ್ರಮವನ್ನು ತಂದಿತು. ಅಂಚೆ ಕಾರ್ಡಿನ ಬದಲು ಮೊಹರಾದ ಲಕೋಟೆ ಬಂದಂತಾಯಿತು. ಮುದ್ರೆಯಿಲ್ಲದ ‘ಸಂಪರ್ಕ ಮುಗಿಯಿತು’ ಸಂದೇಶವನ್ನು ಸಾಧನ ನಂಬುವುದಿಲ್ಲ. ಆದರೆ ಇದು ಐಚ್ಛಿಕವಾಗಿದ್ದುದರಿಂದ ಬಳಕೆ ನಿಧಾನವಾಗಿ ಹರಡಿತು. 2018ರಲ್ಲಿ ವೈ-ಫೈ ಅಲಯನ್ಸ್ ಜಾರಿಗೆ ತಂದ ಡಬ್ಲ್ಯುಪಿಎ3ರಲ್ಲಿ ಇದು ಕಡ್ಡಾಯವಾಯಿತು. ಸಂಪರ್ಕ ಬೆಳೆಯುವ ಮುಂಚಿನ ಫ್ರೇಮ್‌ಗಳಿಗೆ, ಸರದಿ ನಿಯಮದ ದುರುಪಯೋಗಕ್ಕೆ ಮತ್ತು ರೇಡಿಯೊ ಅಡಚಣೆಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

### ಬಳಕೆದಾರರ ಮಟ್ಟದಲ್ಲಿ

* ರೂಟರ್‌ನ ನಿರ್ವಹಣಾ ಗುಪ್ತಪದವನ್ನು ಸ್ಥಾಪನೆಯ ದಿನವೇ ಬದಲಿಸುವುದು. ಅದು ವೈ-ಫೈ ಗುಪ್ತಪದಕ್ಕಿಂತ ಬೇರೆಯಾಗಿರುವುದು.
* ಅಂತರಜಾಲದ ಕಡೆಯಿಂದ ನಿರ್ವಹಣೆಗೆ ಅವಕಾಶವಿದ್ದರೆ, ಅಗತ್ಯವಿಲ್ಲದಾಗ ಮುಚ್ಚುವುದು.
* ಸಾಧನದ ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು. ಪರಿಷ್ಕರಣೆ ನಿಂತ ಸಾಧನವನ್ನು ಬದಲಿಸುವುದು.
* ಸಾಧ್ಯವಿರುವೆಡೆ ಡಬ್ಲ್ಯುಪಿಎ3 ಆರಿಸುವುದು, ಇಲ್ಲವಾದರೆ ಡಬ್ಲ್ಯುಪಿಎ2ರೊಂದಿಗೆ ನಿರ್ವಹಣಾ ಫ್ರೇಮ್ ರಕ್ಷಣೆಯನ್ನು ಚಾಲನೆಗೊಳಿಸುವುದು, ಟಿಕೆಐಪಿಯನ್ನು ಕೈಬಿಡುವುದು.
* ನಿಲ್ಲಬಾರದ ಕೆಲಸಗಳಿಗೆ ತಂತಿಯ ಸಂಪರ್ಕವನ್ನು ಬಳಸುವುದು ಮತ್ತು ಮೊಬೈಲ್ ದತ್ತಾಂಶದಂತಹ ಪರ್ಯಾಯವನ್ನು ಸಿದ್ಧವಾಗಿರಿಸುವುದು.

### ತಯಾರಕರು ಮತ್ತು ಸೇವಾದಾರರ ಮಟ್ಟದಲ್ಲಿ

ಪ್ರತಿ ಸಾಧನಕ್ಕೂ ಪ್ರತ್ಯೇಕ ಗುಪ್ತಪದವಿರಬೇಕೆಂಬ ತತ್ತ್ವಕ್ಕೆ ಈಗ ಹಲವೆಡೆ ಕಾನೂನಿನ ಬಲ ದೊರೆತಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2020ರ ಜನವರಿಯಿಂದಲೂ, ಬ್ರಿಟನ್ನಿನಲ್ಲಿ 2024ರ ಏಪ್ರಿಲ್‌ನಿಂದಲೂ ಇಂತಹ ನಿಯಮಗಳು ಜಾರಿಯಲ್ಲಿವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅಧೀನದಲ್ಲಿ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ವೈ-ಫೈ ಸಾಧನಗಳೂ ಸೇರಿದಂತೆ ದೂರಸಂಪರ್ಕ ಉಪಕರಣಗಳಿಗೆ ಭದ್ರತಾ ಅಗತ್ಯಗಳನ್ನು ರೂಪಿಸುತ್ತದೆ. ಸೇವಾದಾರರು ತಮ್ಮ ಜಾಲದ ಅಂಚಿನಲ್ಲಿಯೇ ನಿರ್ವಹಣಾ ದ್ವಾರಗಳಿಗೆ ಹೊರಗಿನ ಪ್ರವೇಶವನ್ನು ತಡೆದರೆ, ಗ್ರಾಹಕನ ಅರಿವನ್ನು ಅವಲಂಬಿಸದೆಯೇ ಸಾವಿರಾರು ಮನೆಗಳು ಸುರಕ್ಷಿತವಾಗುತ್ತವೆ.

## ಕಾನೂನು

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಪ್ರಕರಣವು ಹಕ್ಕುಳ್ಳ ವ್ಯಕ್ತಿಗೆ ಗಣಕಯಂತ್ರ ಅಥವಾ ಜಾಲದ ಪ್ರವೇಶವನ್ನು ನಿರಾಕರಿಸುವುದನ್ನೂ, ಜಾಲಕ್ಕೆ ಅಡ್ಡಿಪಡಿಸುವುದನ್ನೂ ಪರಿಹಾರ ತೆರಬೇಕಾದ ಕೃತ್ಯಗಳೆಂದು ಹೆಸರಿಸುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಎಸಗಿದರೆ 66ನೆಯ ಪ್ರಕರಣದ ಅನ್ವಯ ಮೂರು ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂಕೇತ ತಡೆಯುವ ಜಾಮರ್‌ಗಳನ್ನು ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಬಳಸುವಂತಿಲ್ಲ.

ಇಂತಹ ಘಟನೆಗಳಿಗೆ ಸ್ಪಂದಿಸುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್. ಇದು 2004ರಿಂದ ಕಾರ್ಯನಿರತವಾಗಿದೆ. 2022ರ ಏಪ್ರಿಲ್‌ನಲ್ಲಿ ಅದು ಹೊರಡಿಸಿದ ನಿರ್ದೇಶನದಂತೆ ಸೇವಾದಾರರು ಮತ್ತು ಸಂಸ್ಥೆಗಳು ಸೇವಾ ನಿರಾಕರಣೆಯ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಕುತಂತ್ರಾಂಶ ಸೋಂಕಿತ ಸಾಧನಗಳ ಶುಚಿಗೆ ನೆರವಾಗಲು 2017ರ ಫೆಬ್ರವರಿಯಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ ಆರಂಭವಾಯಿತು. ಸಾಮಾನ್ಯ ನಾಗರಿಕರು ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು.

## ಇವನ್ನೂ ನೋಡಿ

* ವೈ-ಫೈ
* ಕುತಂತ್ರಾಂಶ
* ಗೂಢಲಿಪಿಶಾಸ್ತ್ರ
* ಭಾರತ ಸಂಚಾರ ನಿಗಮ ನಿಯಮಿತ
* ಮಾಹಿತಿ ತಂತ್ರಜ್ಞಾನ ಕಾಯ್ದೆ, 2000